ಅಪ್ಪನ ಹೆಸರಿನ ಹನ್ನೆರಡು ಎಕರೆ

ಶಿರಗುಪ್ಪಿ,
ಕಾರ್ತಿಕ ಮಾಸ, ೧೯೯೩

ನನ್ನ ಮೊಂಡ ತಮ್ಮ ಭೀಮಸಿಗೆ,

ನಿನ್ನ ಅಕ್ಕ ತಾರವ್ವ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಂಡ ಕೂಡಲೇ ಕಾಗದ ಹರಿದು ಮಗ್ಗದ ಕೆಳಗೆ ಎಸೆಯಬೇಡ. ನೀನು ಇಚಲಕರಂಜಿಗೆ ಹೋದ ಮೇಲೆ ಎರಡು ದೀಪಾವಳಿ ಕಳೆದವು, ಒಮ್ಮೆಯೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ತುಳಿಯಲು ನಮಗೆ ಹೊಸ್ತಿಲಾದರೂ ಎಲ್ಲಿತ್ತು ಅನ್ನು.

ಮಳೆಗೆ ಗುಡಿಸಲಿನ ಗೋಡೆ ಕುಸಿದಾಗ ಸರಕಾರದ ಮನೆಗೆ ಅರ್ಜಿ ಹಾಕಿದೆವಲ್ಲ, ತಲಾಟಿ ಹೊಲದ ದಾಖಲೆಯ ಉತಾರ ತೆಗೆದು ನೋಡಿ ನಕ್ಕುಬಿಟ್ಟಿದ್ದ. "ಜಕ್ಕಪ್ಪಾ, ಹನ್ನೆರಡ ಎಕರೆ ನೀರಾವರಿ ಐತಲ್ಲೋ ನಿನ್ನ ಹೆಸರಿಲೆ! ನಿನಗ್ಯಾಕ ಬಡವರ ಮನಿ?" ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು, ಮುಂದೆ ಒಂದಿಷ್ಟು ಕುರಿ. ಇಷ್ಟೇ ಆಸ್ತಿಯ ನಮ್ಮಪ್ಪ ಆ ಕಾಗದದಲ್ಲಿ ಸಾಹುಕಾರ! ರೇಶನ್ನಿನ ಹಸಿರು ಕಾರ್ಡು ಇಲ್ಲ, ಕುರಿ ಸಾಲವಿಲ್ಲ, ಮನೆಯೂ ಇಲ್ಲ.

ಒಬ್ಬನಿಗೆ ಇಷ್ಟೇ ಭೂಮಿ ಎಂಬ ಕಾಯ್ದೆ ಬಂದಾಗ ಊರ ಸಾಹುಕಾರ ಆಬಾಸಾಹೇಬರು ತಮ್ಮ ಹೆಚ್ಚಿನ ಹೊಲವನ್ನು ಅಪ್ಪನ ಹೆಸರಿಗೆ ಬರೆಸಿದ್ದು ಊರಿಗೇ ಗೊತ್ತಿದ್ದ ಮಾತು. ಬರೆಸಿ ಸುಮ್ಮನಾದರೇ? ಅಪ್ಪನನ್ನು ಮಲಕಾರಿಸಿದ್ಧನ ಗುಡಿಗೆ ಕರೆದೊಯ್ದು, ಈ ಹೊಲ ನನ್ನದೆಂದು ಎಂದೂ ಅನ್ನುವುದಿಲ್ಲ ಎಂದು ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ಕಾಗದ ತಮ್ಮ ಕೈ ತಪ್ಪಬಹುದು, ದೇವರ ಅರಿಶಿನ ಮುಟ್ಟಿದ ಕುರುಬ ತಪ್ಪಲಾರ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನೀನು ವಕೀಲರನ್ನು ಕೇಳಿಕೊಂಡು ಬಂದು, "'ನಂದು' ಅಂತ ಒಂದ ಮಾತ ಅಂದ್ರ ಸಾಕಪ್ಪಾ, ಹೊಲ ನಮ್ಮದಾಗತೈತಿ" ಎಂದೆ. ಅಪ್ಪ, "ಭಂಡಾರ ಮುಟ್ಟೇನಿ ಮಗಾ" ಎಂದ. ಅದಕ್ಕೆ ನೀನು ಅಂದ ಮಾತು ಅವ್ವನ ಎದೆಯಲ್ಲಿ ಇನ್ನೂ ನಾಟಿದೆ: "ಹಂಗಾರ ನೀ ನಮ್ಮಪ್ಪ ಅಲ್ಲ, ಆ ಸಾವಕಾರನ ಮನಿ ನಾಯಿ." ಅಂದವನೇ ಬಸ್ಸು ಹತ್ತಿದೆ.

ನಿನಗೆ ಸಿಟ್ಟು ಬಂದದ್ದು ತಪ್ಪೆನ್ನಲಾರೆ, ನನಗೂ ಬರುತ್ತಿತ್ತು. ಸರಕಾರ ಕೈ ಚಾಚುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಂಗನವಾಡಿಯಲ್ಲಿ ದಿನವೂ ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ನಾನೇ ಆ ಕೈ. ಆದರೆ ಹೊಳೆಯ ನೀರೆತ್ತಲು ಆಬಾಸಾಹೇಬರಿಗೆ ಕರೆಂಟು ಕೊಟ್ಟದ್ದೂ ಅದೇ ಕೈ. ಅವರ ಕಬ್ಬಿನ ಗಳಿಕೆಗೆ ಆದಾಯ ತೆರಿಗೆ ಇಲ್ಲ, ಅವ್ವ ಕೊಳ್ಳುವ ಬೆಂಕಿಪೆಟ್ಟಿಗೆಯಲ್ಲಿ ಮಾತ್ರ ತೆರಿಗೆ ಕೂತಿರುತ್ತದೆ. ಉಳ್ಳವರ ಹೆಚ್ಚಿನದನ್ನು ತೆಗೆದು ಇಲ್ಲದವರಿಗೆ ಕೊಡುವ ಕಾಯ್ದೆ ಒಳ್ಳೆಯದೇ. ಆದರೆ ಅದು ಹೆಸರು ನೋಡುತ್ತದೆ, ಹೊಟ್ಟೆ ನೋಡುವುದಿಲ್ಲ. ಉಳ್ಳವನು ಹೆಸರು ಬದಲಿಸಿದರೆ ಮುಗಿಯಿತು, ಕಾಯ್ದೆಯ ಲೆಕ್ಕದಲ್ಲಿ ಬಡವನೇ ಶ್ರೀಮಂತ. ಹಾಗೆಂದು ಕಾಯ್ದೆಯೇ ಬೇಡವೆನ್ನಲೂ ನನಗೆ ಮನಸ್ಸು ಬಾರದು.

ಈಗ ಆದದ್ದು ಕೇಳು. ಯುಗಾದಿ ಮುಗಿದ ಮೇಲೆ ಆಬಾಸಾಹೇಬರ ಜೀಪು ನಮ್ಮ ಬಾಗಿಲಿಗೆ ಬಂತು. ಅವರ ಮೊಮ್ಮಕ್ಕಳು ದೊಡ್ಡವರಾಗಿದ್ದರು, ಹೊಲ ಅವರ ಹೆಸರಿಗೆ ಹೋಗಬೇಕು, ಅಪ್ಪ ಮಾರಿದಂತೆ ಹೆಬ್ಬೆಟ್ಟು ಒತ್ತಬೇಕು. ಅಪ್ಪನಿಗೆ ಹೊಸ ಧೋತರ, ತಲೆಗೆ ಹೊಸ ಪಟಕಾ. ಅಥಣಿಯಲ್ಲಿ ಭಜಿ, ಚಹಾ. ಮದುಮಗನ ಹಾಗೆ ಕೂರಿಸಿದ್ದರು! ಜೊತೆಗೆ ಹೋಗಿದ್ದ ನಾನು ಒಳಗೊಳಗೇ ಕುದಿಯುತ್ತಿದ್ದೆ.

ನೋಂದಣಿ ಕಚೇರಿಯ ಸಾಹೇಬರು ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಏನಪ್ಪಾ, ಹೊಲ ನಿಂದ ಹೌದಲ್ಲ? ಮನಸ್ಸಿನಿಂದ ಮಾರಾಕತ್ತಿ?"

ಅಪ್ಪ ಸೊಂಟದ ಚೀಲ ಬಿಚ್ಚಿ, ಚಿಟಿಕೆ ಭಂಡಾರ ಹಣೆಗೆ ಹಚ್ಚಿಕೊಂಡು ಹೇಳಿದ: "ಇಲ್ರಿ ಸಾಹೇಬ್ರ. ಹೊಲ ನಂದಲ್ರಿ. ನಂದು ಅಂತ ಎಂದೂ ಅನ್ನೂದಿಲ್ಲಂತ ಸಿದ್ಧನ ಮುಂದ ಆಣಿ ಮಾಡೇನ್ರಿ. ಹೊಲ ಈ ಸಾವಕಾರ್ರದರಿ. ನಂದಲ್ಲದ್ದ ನಾ ಹ್ಯಾಂಗ ಮಾರ್ಲಿರಿ?"

"ಅರೇ ಜಕ್ಕಪ್ಪಾ, ಕಾಯ್ ಬೋಲತೋಸ್!" ಎಂದು ಆಬಾಸಾಹೇಬರು ಎದ್ದು ನಿಂತರು. 'ಏನು ಮಾತಾಡುತ್ತೀ' ಎನ್ನಲೂ ಗಾಬರಿಯಲ್ಲಿ ಅವರಿಗೆ ಮರಾಠಿಯೇ ಬರುವುದು. ಸಾಹೇಬರು ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಕೇಳಿದರು. ಅಪ್ಪ ಮತ್ತೆ ಅದನ್ನೇ ಹೇಳಿದ. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಾಗಾಯಿತು.

ಜೀಪಿನಲ್ಲಿ ಹೋದವರು ಬಸ್ಸಿನಲ್ಲಿ ಬಂದೆವು. "ಅಪ್ಪಾ, ತಿಳಿದೇ ಮಾಡಿದೆಯಾ?" ಎಂದು ದಾರಿಯುದ್ದಕ್ಕೂ ಕಾಡಿದೆ. "ಭಂಡಾರ ಹಚ್ಚಿಕೊಂಡು ಸುಳ್ಳ ಹೇಳ್ಲೇನ ಬೇ?" ಎಂದ. ಪಟಕಾದ ತುದಿಯಲ್ಲಿ ಬಾಯಿ ಒರೆಸಿಕೊಂಡ. ನಕ್ಕನೋ ಇಲ್ಲವೋ ದೇವರೇ ಬಲ್ಲ.

ತಹಶೀಲ್ದಾರರ ವಿಚಾರಣೆಯಾಯಿತು. ಹೊಲ ಸರಕಾರದ ವಶವಾಗಿದೆ, ಆಬಾಸಾಹೇಬರು ಕೋರ್ಟಿಗೆ ಹೋಗಿದ್ದಾರೆ. ಸರಕಾರ ಗೆದ್ದರೆ ಅದು ಭೂಮಿ ಇಲ್ಲದವರಿಗೆ ಹಂಚಿಕೆಯಾಗುತ್ತದಂತೆ. ಅಲ್ಲೇ ಕಬ್ಬು ಕಡಿದು ಬೆನ್ನು ಬಾಗಿದ ಕೂಲಿಯಾಳು ಧೂಳಪ್ಪ ಅರ್ಜಿ ಹಾಕಿದ್ದಾನೆ. ನೀನೂ ಹಾಕು ಎಂದರೆ ಅಪ್ಪ, "ನಂದಲ್ಲ ಅಂದೇನಿ, ಮತ್ತ ಹ್ಯಾಂಗ ಕೇಳ್ಲಿ?" ಎನ್ನುತ್ತಾನೆ. ಇದಕ್ಕೆ ನೀನು ಹಲ್ಲು ಕಡಿಯುತ್ತೀ ಎಂದು ಗೊತ್ತು. ನಾನೂ ಕಡಿದೆ.

ಆದರೆ ತಲಾಟಿ ಬಂದು ಅಪ್ಪನ ಹೆಸರಿನ ಮುಂದೆ 'ಭೂಮಿ ಇಲ್ಲ' ಎಂದು ಬರೆದುಕೊಂಡು ಹೋದ. ಅಪ್ಪ ಅದನ್ನು ನನ್ನಿಂದ ಎರಡೆರಡು ಸಲ ಓದಿಸಿದ. ನಮ್ಮಪ್ಪ ಈಗ ಕಾಗದದ ಮೇಲೂ ಬಡವ, ಭೀಮಸಿ. ಮನೆ ಮಂಜೂರಾಗಿ ಗೋಡೆ ಎದೆಮಟ್ಟ ಬಂದಿದೆ. ಬಾಗಿಲ ಚೌಕಟ್ಟು ಮಾತ್ರ ಇನ್ನೂ ನಿಲ್ಲಿಸಿಲ್ಲ. ಅದಕ್ಕೆ ಮಗನ ಕೈ ಹತ್ತಬೇಕಂತೆ. ಬೇವಿನ ಗಿಡಕ್ಕೆ ಒರಗಿಸಿಟ್ಟು, ಬಿಸಿಲಿಗೆ ಸೊಟ್ಟಾಗದಿರಲೆಂದು ತನ್ನ ಕಂಬಳಿ ಹೊದಿಸಿದ್ದಾನೆ. ಇಚಲಕರಂಜಿಯ ಬಸ್ಸು ಬರುವ ಹೊತ್ತಿಗೆ ಕುರಿಯನ್ನು ರಸ್ತೆಯ ಕಡೆಗೇ ಹೊಡೆಯುತ್ತಾನೆ.

ಈ ಕಾಗದದ ಮಡಿಕೆಯಲ್ಲಿ ಚಿಟಿಕೆ ಭಂಡಾರ ಇಟ್ಟಿದ್ದೇನೆ. ಹಣೆಗೆ ಹಚ್ಚಿಕೊಂಡು ಇನ್ನೊಮ್ಮೆ ಹೇಳು ನೋಡೋಣ, ಅವನು ನಿನ್ನಪ್ಪ ಅಲ್ಲ ಎಂದು. ನಾಲಿಗೆ ಹೊರಳದಿದ್ದರೆ ಬಸ್ಸು ಹತ್ತು.

ಮಲಕಾರಿಸಿದ್ಧ ನಿನ್ನ ಕೈಕಾಲು ಗಟ್ಟಿಯಾಗಿಡಲಿ, ಬುದ್ಧಿಯನ್ನೂ ಕೊಡಲಿ.

ಚೌಕಟ್ಟಿನ ಪಕ್ಕ ನಿಂತು ದಾರಿ ನೋಡುತ್ತಿರುವ,
ನಿನ್ನ ಅಕ್ಕ
ತಾರವ್ವ