ಹಾಸಿಗೆ ಮಾರುವವಳ ದನಿ

ಅಕ್ಕನಿಗೆ,

ಅಪ್ಪನ ಜೊತೆ ಜಗಳವಾಡಿ ನೀನು ಮನೆ ಬಿಟ್ಟ ಮೇಲೆ ಇಲ್ಲಿ ನಿನ್ನ ಮಾತೆತ್ತುವ ಹಾಗಿಲ್ಲ. ಯಾರದು ಸರಿ, ಯಾರದು ತಪ್ಪು ಅಂತ ವಾದಿಸುವ ತ್ರಾಣ ನನಗೂ ಉಳಿದಿಲ್ಲ. ವಿಷಯ ಬೇರೆ.

ಅಮ್ಮನಿಗೆ ಈಗ ಕಣ್ಣು ಮಂಜು. ದಿನವಿಡೀ ನನ್ನ ಹಳೆಯ ಕಂಪ್ಯೂಟರಿನಲ್ಲಿ ಹಾಡು ಕೇಳುತ್ತಾಳೆ. ಹಾಡಿಗೊಂದು ಜಾಹೀರಾತು ಬಂದು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ಆಫೀಸಿನಿಂದ ಸುಸ್ತಾಗಿ ಬಂದವನು ಜಾಹೀರಾತು ತಡೆಯುವ ಆ್ಯಡ್ ಬ್ಲಾಕರ್ ಹಾಕಿಬಿಟ್ಟೆ. ಮರುದಿನ ಅಮ್ಮ ಊಟ ಬಿಟ್ಟು ಕೂತಿದ್ದಳು.

"ಏನು ಮಾಡಿದ್ಯೋ ಇದಕ್ಕೆ? ಅವಳು ಬರ್ತಾನೇ ಇಲ್ಲ."

"ಯಾರಮ್ಮ?"

"ಹಾಸಿಗೆ ಮಾರೋಳು ಕಣೋ. ನಿಮ್ಮಕ್ಕ."

ನೀನು ಜಾಹೀರಾತಿಗೆ ದನಿ ಕೊಡುವುದು ನನಗೆ ಗೊತ್ತೇ ಇರಲಿಲ್ಲ. ಹೆತ್ತವಳಿಗೆ ಒಂದೇ ಮಾತಿಗೆ ಗೊತ್ತಾಗಿತ್ತು. ಬ್ಲಾಕರ್ ತೆಗೆದೆ. "ನೆಮ್ಮದಿಯಾಗಿ ಮಲಗಿ" ಅಂತ ನೀನಂದರೆ, "ಹೂಂ, ನೀನೂ ಮಲಕ್ಕೋ" ಅನ್ನುತ್ತಿದ್ದಳು.

ಈಗ ಆ ಜಾಹೀರಾತೇ ನಿಂತುಹೋಗಿದೆ. ಆದರೂ ಅಮ್ಮ ಸೋಪು, ಸಿಮೆಂಟು, ಸೊಳ್ಳೆಬತ್ತಿ ಎಲ್ಲವನ್ನೂ ಕೊನೆವರೆಗೂ ಕೇಳುತ್ತಾಳೆ, ನಡುವೆ ನೀನು ಬಂದರೂ ಬರಬಹುದು ಅಂತ. ನಿನ್ನೆ ಬೇಸತ್ತು ಸ್ಕಿಪ್ ಒತ್ತಲು ಹೋದೆ. ಕೈ ಹಿಡಿದದ್ದು ಅಮ್ಮನಲ್ಲ, ಅಪ್ಪ.

"ಇರಲಿ ಬಿಡೋ, ಪೂರ್ತಿ ಬರಲಿ," ಅಂದರು.

ಮನೆಯ ಫೋನ್ ನಂಬರು ಹಳೆಯದೇ. ಸಂಜೆ ಹೊತ್ತು ಮಾಡು. ಅಪ್ಪನೇ ಎತ್ತುತ್ತಾರೆ, ಇಟ್ಟುಬಿಡಬೇಡ.

ನಿನ್ನ ತಮ್ಮ