ಅಪ್ಪನ ಮುಖ

ಬೆಂಗಳೂರು, ೧೦-೭-೨೦೦೧

ಅತ್ತೆಯವರಿಗೆ ಸುಮನಾಳ ಶರಣು. ಈ ಕಾರ್ಡು ನನ್ನ ಮಗಳು ಭೂಮಿಕಾಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ.

ಇಲ್ಲಿನ ಡಾಕ್ಟ್ರು ನಿಮ್ಮ ಮಗನ ಹಳೇ ಫೋಟೋಗಳನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮದುವೇದು, ಫ್ಯಾಕ್ಟರಿ ಪಾಸಿಂದು, ಹೋದ ಯುಗಾದೀದು. ಒಂದಕ್ಕಿಂತ ಒಂದರಲ್ಲಿ ಗದ್ದ ಮುಂದೆ ಬಂದಿದೆ, ಮೂಗು ದಪ್ಪ ಆಗಿದೆ. ಹತ್ತು ವರ್ಷ ಪಕ್ಕದಲ್ಲೇ ಇದ್ದ ನನಗೆ ಕಾಣಲಿಲ್ಲ. ಶಿವಮೊಗ್ಗದಲ್ಲಿ ಇವರ ಬಿಗಿಯಾದ ಉಂಗುರ ಕತ್ತರಿಸಿ ತೆಗೆಸಿದಾಗಲೂ ಮೈ ಬಂದಿದೆ ಅಂತ ನಕ್ಕಿದ್ವಿ. ನೀವಂತೂ ‘ನೋಡೇ ಸುಮನಾ, ದಿನಾ ದಿನಾ ಅವರಪ್ಪನ ಮುಖಾನೇ ಬರ್ತಿದೆ’ ಅಂತ ದೃಷ್ಟಿ ತೆಗೀತಿದ್ರಿ.

ಮಿದುಳಿನ ಬುಡದಲ್ಲಿ ಕಡಲೆಕಾಳಷ್ಟು ಪಿಟ್ಯುಟರಿ ಗ್ರಂಥಿ ಇದೆಯಂತೆ, ಮೈ ಬೆಳೆಸೋದು ಅದೇ. ಅದರಲ್ಲಿ ಗಡ್ಡೆ ಆಗಿದೆ, ಬೆಳೆಸೋದನ್ನ ನಿಲ್ಲಿಸ್ತಾನೇ ಇಲ್ಲ. ಮೂರು ತಿಂಗಳು ಕೊಟ್ಟ ಇಂಜೆಕ್ಷನ್ ನಾಟಲಿಲ್ಲ. ಆ ಮದ್ದನ್ನ ಹಿಡಿದುಕೊಳ್ಳೋ ರಿಸೆಪ್ಟರ್ ಈ ಗಡ್ಡೆಯಲ್ಲಿ ಇಲ್ಲವೇನೋ ಅಂದ್ರು. ಬರೋ ಸೋಮವಾರ ಮೂಗಿನೊಳಗಿಂದ ಆಪರೇಷನ್. ಬದಲಾದ ಮುಖ ಮಾತ್ರ ಹಿಂದಿನ ಹಾಗೆ ಆಗಲ್ವಂತೆ.

ಇವರ ಊಟ, ನಿದ್ದೆ ಪರವಾಗಿಲ್ಲ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ.

ಮಾವ ಏನಾಗಿ ತೀರಿಹೋದ್ರು ಅಂತ ಡಾಕ್ಟ್ರು ಎರಡು ಸಲ ಕೇಳಿದ್ರು. ಗೋಡೆ ಮೇಲಿರೋ ಮಾವನ ಫೋಟೋದ ಹಾರ ತೆಗೆದು, ಫೋಟೋನ ಭಾನುವಾರ ಇಲ್ಲಿಗೆ ಬರೋ ಮುರುಗೇಶಪ್ಪ ಚಿಕ್ಕಪ್ಪನ ಕೈಲಿ ಕೊಟ್ಟು ಕಳಿಸಿ.

ಜಾಗ ಮುಗೀತು. ಅಲ್ಲಿ ಜನ್ನಾಪುರದಲ್ಲಿ ಯಾರಾದ್ರೂ ನಮ್ಮ ಭೂಮಿಕಾ ಅಪ್ಪನ ಹಾಗೇ ಇದ್ದಾಳೆ ಅಂದ್ರೆ, ಅತ್ತೆ, ಹೂಂ ಅನ್ನಬೇಡಿ.

ಸುಮನಾ