ಸೋತವನ ಕಾರಿನಲ್ಲಿ ಮನೆಗೆ

ಸ್ಕೆಲ್ಬಿ,
ಮೇ ೧೮, ಗುರುವಾರ

ನನ್ನ ಮಗಳು ಲೀಯಾನ್‌ಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಟೀ ಡಬ್ಬಿಗೆ ಒರಗಿಸಿಟ್ಟಿದ್ದೆ. ಬೆಳಿಗ್ಗೆ ಸಂಜೆ ಅದರ ಮುಖ ನೋಡಿ, ಆಮೇಲೆ ಬರೆದರಾಯಿತು ಅಂದುಕೊಳ್ಳುತ್ತಿದ್ದೆ. ತಪ್ಪಾಯಿತು, ಬೈಯಬೇಡ. ನೀನು ಫೋನು ಮಾಡಿದಾಗಲೂ ಹವೆ ಗಿವೆ ಅಂತ ಏನೋ ಮಾತಾಡಿ ಇಟ್ಟುಬಿಟ್ಟೆ. ಫೋನಿನಲ್ಲಿ ಮಾತು ನನಗಿಂತ ಮುಂದೆ ಓಡಿಬಿಡುತ್ತದೆ. ಕಾಗದವಾದರೆ ನಿಲ್ಲಿಸಿ ನಿಲ್ಲಿಸಿ ಬರೆಯಬಹುದು. ಅಕ್ಷರ ತಪ್ಪಿದ್ದಲ್ಲಿ ನೀನೇ ಸರಿ ಮಾಡಿಕೊಂಡು ಓದು. ಶಾಲೆಗೆ ಹೋದದ್ದಕ್ಕಿಂತ ನಿನ್ನಜ್ಜನ ಜೊತೆ ದೋಣಿಗೆ ಬಣ್ಣ ಬಳಿಯಲು ಹೋದದ್ದೇ ಹೆಚ್ಚು, ನಿನಗೆ ಗೊತ್ತಲ್ಲ.

ಆರ್ಕ್ನಿಯಲ್ಲಿ ಗಾಳಿ ಹೇಗಿದೆ? ಟೀವಿಯಲ್ಲಿ ಹವಾಮಾನ ತೋರಿಸುವಾಗ ನಿನ್ನ ದ್ವೀಪದ ಮೇಲೆ ಯಾವಾಗಲೂ ಆ ದೊಡ್ಡ ಬಾಣ. ಪಾಳಿ ಮುಗಿಸಿ ಆಸ್ಪತ್ರೆಯಿಂದ ಒಬ್ಬಳೇ ನಡೆದು ಬರಬೇಡ. ಹೀಟರಿನ ಮೇಲೆ ಟವೆಲ್ ಒಣಹಾಕಬೇಡ. ಹೇಳಿದ್ದನ್ನೇ ಹೇಳುತ್ತೇನೆ ಅಂತ ನಗುತ್ತೀಯ, ನಗು, ಆದರೆ ಹಾಕಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಮಗಳೇ, ನಮ್ಮ ವಾರ್ಡಿನ ಕೌನ್ಸಿಲ್ ಚುನಾವಣೆಯಲ್ಲಿ ನಾನು ಗೆದ್ದೆ. ನಿನ್ನ ವಿಲ್ಫ್ ಅಂಕಲ್ ಸೋತ.

ಬರೆದು ನೋಡಿದರೆ ಇಷ್ಟೇ. ಇಷ್ಟನ್ನು ಬರೆಯಲು ಎರಡು ವಾರ ಬೇಕಾಯಿತು. ಚರ್ಚಿನಲ್ಲಿ ನಿನ್ನ ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತವನು, ನಿನ್ನಮ್ಮ ಹೋದಾಗ ಮೂರು ವಾರ ನಮ್ಮ ಸೋಫಾ ಮೇಲೆ ಮಲಗಿದವನು, ಅವನ ಕುರ್ಚಿಯನ್ನು ನಾನು ಎಳೆದುಕೊಂಡೆ. ಬೇಕು ಅಂತ ಅಲ್ಲ. ಆದರೆ ಬೇಕು ಅಂತ ಎಳೆದರೂ ಬೇಡ ಅಂತ ಎಳೆದರೂ ಬೀಳುವವನು ಬೀಳುತ್ತಾನಲ್ಲ.

ಆದದ್ದು ಹೀಗೆ. ಮಾರ್ಚಿನಲ್ಲಿ ನಾನು ಸಮುದ್ರದಂಡೆಯ ಮರದ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದಾಗ ಪಕ್ಷದ ಮಿಸೆಸ್ ಬ್ಲಾಂಚರ್ಡ್ ಬಂದಳು. "ಕ್ಲಿಫ್, ಒಂದು ಉಪಕಾರ ಮಾಡಬೇಕಲ್ಲ. ಎಲ್ಲಾ ವಾರ್ಡಲ್ಲೂ ನಮ್ಮ ಪಕ್ಷದ ಒಂದು ಹೆಸರು ಇರಬೇಕು, ನಿಮ್ಮ ವಾರ್ಡಿಗೆ ಯಾರೂ ಸಿಕ್ತಿಲ್ಲ" ಅಂದಳು. ನನಗೆ ಭಾಷಣ ಬರಲ್ಲ ಅಂದೆ. "ಅಯ್ಯೋ, ಭಾಷಣ ಯಾರಿಗೆ ಬೇಕು? ಮನೆ ಮನೆ ತಿರುಗೋದೂ ಬೇಡ. ವಿಲ್ಫನ್ನ ಸೋಲಿಸೋರು ಇನ್ನೂ ಹುಟ್ಟಿಲ್ಲ. ಹೆಸರು ಕೊಟ್ಟು ಮರೆತುಬಿಡು" ಅಂದಳು. ಇಲ್ಲಿ ಪ್ರತಿ ಸಲವೂ ಹೀಗೇ, ಯಾರೋ ಒಬ್ಬರು ಸೋಲಲಿಕ್ಕೆಂದೇ ಹೆಸರು ಕೊಡುತ್ತಾರೆ. ಹೋದ ಸಲ ಬೇಕರಿಯ ಮುದುಕಿ ಕೊಟ್ಟಿದ್ದಳು. ನನಗೆ ಇಲ್ಲ ಅನ್ನಲು ಬರುವುದಿಲ್ಲ. ಕೈಯಲ್ಲಿ ಬ್ರಷ್ ಇತ್ತು, ಕೆಳಗಿಟ್ಟು ಸಹಿ ಹಾಕಿದೆ.

ವಿಲ್ಫ್‌ಗೆ ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ. ಅಷ್ಟರಲ್ಲಿ ಟೌನ್ ಹಾಲಿನ ಹೊರಗೆ ಹೆಸರುಗಳನ್ನು ಅಂಟಿಸಿಬಿಟ್ಟರು. ನೋಡಿದವನೇ ನೇರ ನನ್ನ ಶೆಡ್ಡಿಗೆ ಬಂದ.

"ಏನಯ್ಯಾ, ನನ್ನ ಮೇಲೇ ಕುಸ್ತಿಗೆ ಇಳಿದಿದೀಯಂತೆ?" ಅಂದ.

"ಬರೀ ಹೆಸರಿಗೆ ಕಣೋ ವಿಲ್ಫ್. ನನ್ನ ಓಟೂ ನಿನಗೇ" ಅಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕ. "ಒಳ್ಳೇದೇ ಆಯ್ತು ಬಿಡು. ಎದುರಿಗೆ ಯಾರೂ ಇಲ್ದೆ ಗೆದ್ರೆ ಅದೊಂದು ಗೆಲುವಾ?" ಅಂದ.

ಊರಿನ ಸಿಟ್ಟು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಚಳಿಗಾಲದಲ್ಲಿ ಕೌನ್ಸಿಲ್ಲಿನಲ್ಲಿ ದುಡ್ಡು ಸಾಲದೆ ಲೈಬ್ರರಿ ಮುಚ್ಚಬೇಕೋ ಸಮುದ್ರದೊಳಕ್ಕೆ ಚಾಚಿದ ಪಿಯರ್ ಹತ್ತಿರದ ಸಾರ್ವಜನಿಕ ಕಕ್ಕಸು ಮುಚ್ಚಬೇಕೋ ಅಂತ ಬಂದಾಗ ವಿಲ್ಫ್ ಕಕ್ಕಸು ಮುಚ್ಚಲು ಕೈ ಎತ್ತಿದ್ದ. ಮಕ್ಕಳು ಓದಲಿ ಅಂತ. ಆದರೆ ದಂಡೆಯ ಮೇಲೆ ಚಿಪ್ಸ್ ಮಾರುವವರಿಗೆ, ಬಸ್ಸಿನಲ್ಲಿ ಬಂದಿಳಿಯುವ ಮುದುಕರಿಗೆ ಅದೇ ಪ್ರಾಣಸಂಕಟವಾಯಿತು. ವಿಲ್ಫ್ ಯಾವ ಪಕ್ಷದವನೂ ಅಲ್ಲ, ಆದ್ದರಿಂದ ಬೈಗುಳ ಹಂಚಿಕೊಳ್ಳಲೂ ಯಾರೂ ಇರಲಿಲ್ಲ. ಅವನ ಎದುರು ಇದ್ದದ್ದು ನನ್ನ ಹೆಸರೊಂದೇ.

ಎಣಿಕೆಯ ದಿನ ವಿಲ್ಫ್ ತನ್ನ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೋದ. ಕೆಲಸದ ಪ್ಯಾಂಟಿನಲ್ಲೇ ಹೋದೆ, ಮಂಡಿಯ ಮೇಲೆ ನೀಲಿ ಬಣ್ಣ. ಕ್ರೀಡಾಂಗಣದೊಳಗೆ ಉದ್ದುದ್ದ ಮೇಜು, ಚೀಟಿಗಳ ಕಟ್ಟು. ನನ್ನ ಕಟ್ಟು ಅವನ ಕಟ್ಟಿನ ಎತ್ತರಕ್ಕೆ ಬಂದಾಗ ಮಿಸೆಸ್ ಬ್ಲಾಂಚರ್ಡ್ ಓಡಿಬಂದು ನನ್ನ ಎದೆಗೆ ಪಕ್ಷದ ರಿಬ್ಬನ್ನಿನ ಹೂವು ಚುಚ್ಚಿದಳು. ಬೇಡ ಅಂದೆ, ಕೇಳಲಿಲ್ಲ. ಮತ್ತೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನನಗೆ ಒಂದೇ ಒಂದು ಓಟು ಹೆಚ್ಚು, ಮಗಳೇ.

ಅಧಿಕಾರಿ ಹೆಸರು ಓದಿ ಮೈಕು ನನ್ನ ಕೈಗೆ ಕೊಟ್ಟ. "ಕ್ಷಮಿಸಿ" ಅಂದೆ. ಬೇರೇನೂ ಬರಲಿಲ್ಲ. ಜನ ಗೊಳ್ಳೆಂದು ನಕ್ಕರು, ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವನು ವಿಲ್ಫ್.

ವಾಪಸು ಬರಲು ನನಗೆ ಬೇರೆ ಗಾಡಿ ಎಲ್ಲಿದೆ? ಬಸ್ಸಿಗೆ ಹೋಗ್ತೀನಿ ಅಂದೆ. "ಹುಚ್ಚನ ಹಾಗೆ ಆಡಬೇಡ, ಹತ್ತು" ಅಂದ. ಹತ್ತಿ ಕೂತೆ. "ಬೆಲ್ಟ್ ಹಾಕ್ಕೊಳ್ಳಿ ಕೌನ್ಸಿಲರೇ" ಅಂದ. ನಗಬೇಕಾಗಿತ್ತು, ನಗಲಿಲ್ಲ. ದಾರಿಯುದ್ದಕ್ಕೂ ಅವನ ಕೈ ಗೇರಿನ ಮೇಲೆ ಸುಮ್ಮನೆ ಇತ್ತು. ಬದಲಿಸಬೇಕಾದ ಕಡೆಯೂ ಬದಲಿಸಲಿಲ್ಲ. ಇಂಜಿನ್ನು ನರಳುತ್ತಾ ಬಂತು.

ಅವರ ಮನೆಯಲ್ಲಿ ನಿನ್ನ ಮಾರ್ಜರಿ ಆಂಟಿ ಪ್ರತಿ ಸಲದ ಹಾಗೆ ಗಂಡ ಗೆದ್ದು ಬರುತ್ತಾನೆ ಅಂತ ಮೇಜು ಸಜ್ಜು ಮಾಡಿ ಇಟ್ಟಿದ್ದಳು. ಹ್ಯಾಮ್, ಉಪ್ಪಿನಕಾಯಿ ಈರುಳ್ಳಿ, ಆ ದೊಡ್ಡ ಗಾಜಿನ ಬಟ್ಟಲಲ್ಲಿ ಕೆನೆ ಹಾಕಿದ ಸಿಹಿ ಟ್ರೈಫಲ್. ವಿಲ್ಫನ ಮುಖ ನೋಡಿ, "ಹೋಯ್ತಾ? ಯಾವ ಪುಣ್ಯಾತ್ಮ ಹೊಡ್ಕೊಂಡ?" ಅಂದಳು.

"ನಿನ್ನ ಮುಂದೇ ನಿಂತಿದಾನಲ್ಲ" ಅಂದ ವಿಲ್ಫ್.

ಆಗ ನನ್ನ ಎದೆಯ ಮೇಲಿನ ಹೂವು ನೋಡಿದಳು. ತೆಗೆಯಲು ಮರೆತಿದ್ದೆ, ಮಗಳೇ. ಅದನ್ನು ಹಾಕಿಕೊಂಡೇ ಅವರ ಮನೆಯೊಳಗೆ ಹೋಗಿಬಿಟ್ಟಿದ್ದೆ. ಅವಳು ಟ್ರೈಫಲ್ ಬಡಿಸಿ ನನ್ನ ಮುಂದಿಟ್ಟಳು. ತಿಂದೆ. ಪೂರಾ ತಿಂದೆ. ಬಿಟ್ಟರೆ ಇನ್ನೂ ಕೆಟ್ಟದಾಗುತ್ತಿತ್ತು.

ರಾಜೀನಾಮೆ ಕೊಡುತ್ತೇನೆ ಅಂತ ವಿಲ್ಫ್‌ಗೆ ಹೇಳಿದೆ. ಆಗ ಮಾತ್ರ ಅವನಿಗೆ ಸಿಟ್ಟು ಬಂತು. "ನನಗೆ ಭಿಕ್ಷೆ ಹಾಕ್ತೀಯೇನೋ? ಕೊಟ್ಟು ನೋಡು, ಮತ್ತೆ ನಿನ್ನ ಮುಖ ನೋಡಲ್ಲ" ಅಂದ. ಹಾಗಾಗಿ ಮಂಗಳವಾರ ಹೋಗಿ ಅಧಿಕಾರ ಒಪ್ಪಿಕೊಂಡು ಸಹಿ ಹಾಕಬೇಕು. ಅವನೇ ಶೆಡ್ಡಿಗೆ ಬಂದು ಚರಂಡಿ ದೂರು ಯಾರಿಗೆ ಹೇಳಬೇಕು, ಸಭೆಯಲ್ಲಿ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅಂತ ಹೇಳಿಕೊಡುತ್ತಿದ್ದಾನೆ. ಮೊನ್ನೆ ಮಾರ್ಜರಿ ಅಂಗಡಿಯಲ್ಲಿ ಸಿಕ್ಕಿದಳು. "ಮನೆ ಫೋನು ಕೆಟ್ಟಿದೆಯೇನೋ ಅಂತ ನಮ್ಮನೆಯವರು ಎತ್ತೆತ್ತಿ ನೋಡ್ತಾರೆ, ಕ್ಲಿಫ್" ಅಂದಳು. ನನ್ನ ಫೋನು ನಿಲ್ಲುವುದೇ ಇಲ್ಲ ಅಂತ ನಾನು ಹೇಳಲಿಲ್ಲ.

ಆದರೆ ವಿಲ್ಫ್ ಪಬ್ಬಿಗೆ ಮೊದಲಿನ ಹಾಗೇ ಬರುತ್ತಾನೆ. ಯಾರಾದರೂ ಅಯ್ಯೋ ಪಾಪ ಅನ್ನಲು ಬಂದರೆ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳುತ್ತಾನೆ: "ಇದನ್ನ ಕೇಳ್ರಪ್ಪಾ. ನನ್ನನ್ನ ಸೋಲಿಸಿದೋನೇ ನನಗೆ ಓಟು ಹಾಕಿದಾನೆ! ಇಂಗ್ಲೆಂಡಿನಲ್ಲಿ ಇನ್ಯಾರಿಗಿದೆ ಈ ಭಾಗ್ಯ?" ಎಲ್ಲರೂ ನಗುತ್ತಾರೆ. ಅವನೂ ತಲೆ ಎತ್ತಿಕೊಂಡು ಮನೆಗೆ ಹೋಗುತ್ತಾನೆ.

ಜುಲೈಯಲ್ಲಿ ಬರುತ್ತೀಯಲ್ಲ? ನಿನ್ನ ಕೋಣೆಗೆ ಹಳದಿ ಬಣ್ಣ ಹೊಡೆದಿದ್ದೇನೆ, ಇಷ್ಟವಾಗದಿದ್ದರೆ ಬದಲಿಸುತ್ತೇನೆ. ಹಡಗಿನಲ್ಲಿ ಬರುವಾಗ ಡೆಕ್ಕಿನ ಮೇಲೆ ನಿಲ್ಲಬೇಡ. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ, ನಿನ್ನ ಕೈಗೆ ಬರುವ ರೋಗಿಗಳು ಎದ್ದು ಓಡಾಡುವಂತಾಗಲಿ.

ನಿನ್ನ ಅಪ್ಪ,
ಕ್ಲಿಫ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಓಟಿನ ದಿನ ವಿಲ್ಫ್‌ಗೇ ಹಾಕಬೇಕು ಅಂತಲೇ ಹೋದೆ. ಚೀಟಿ ಬಿಡಿಸಿದೆ. ಎಪ್ಟನ್, ಕ್ಲಿಫರ್ಡ್ ಜಾನ್ ಅಂತ ಮೊದಲ ಸಾಲಿನಲ್ಲೇ ಅಚ್ಚು ಹಾಕಿದ್ದರು. ನನ್ನ ಹೆಸರನ್ನು ಯಾರೂ ಎಲ್ಲೂ ಅಚ್ಚು ಹಾಕಿರಲಿಲ್ಲ. ಒಬ್ಬರೂ ಹಾಕದಿದ್ದರೆ ಸೊನ್ನೆ ಅಂತ ಓದುತ್ತಾರಲ್ಲ, ಅಷ್ಟು ಜನರ ಮುಂದೆ, ಅಂತ ಹೆದರಿಕೆಯಾಯಿತು. ಒಂದಾದರೂ ಇರಲಿ ಅಂತ ನನ್ನ ಹೆಸರಿನ ಮುಂದೇ ಗುರುತು ಹಾಕಿದೆ. ವಿಲ್ಫ್ ಪಬ್ಬಿನಲ್ಲಿ ಆ ಮಾತು ಹೇಳಿದಾಗಲೆಲ್ಲ ನಾನು ಹೌದು ಹೌದು ಅಂತ ತಲೆ ಆಡಿಸುತ್ತೇನೆ. ನಿನ್ನೆಯೂ ಆಡಿಸಿದೆ. ನೀನು ಬಂದಾಗ ನಿನಗೂ ಹೇಳುತ್ತಾನೆ. ನನ್ನ ಮುಖ ನೋಡಬೇಡ, ಮಗಳೇ. ಅವನ ಮುಖ ನೋಡಿ ನಕ್ಕುಬಿಡು.